ತಾಂಡೇಲ ಕೊಡದ ಒಪ್ಪಿಗೆ

ಆ ಗುಡ್ಡ ಯಾವ ಊರಿನದೆಂದು ನಾನು ಬರೆಯುವುದಿಲ್ಲ. ಒಮ್ಮೆ ಬರೆದು ಆದದ್ದು ಸಾಕು. ಕಾರವಾರ ಜಿಲ್ಲೆಯ ಕರಾವಳಿಯಲ್ಲಿ, ಹೊಳೆಯೊಂದು ಸಮುದ್ರ ಸೇರುವ ಕಡೆ, ನೀರಿನೊಳಕ್ಕೆ ಮೂಗು ಚಾಚಿ ನಿಂತ ಗುಡ್ಡ ಎಂದರೆ ಇಲ್ಲಿಗೆ ಸಾಲುತ್ತದೆ. ಅಂಥವು ಅಲ್ಲಿ ಹತ್ತಾರಿವೆ. ಗುಡ್ಡದ ನೆತ್ತಿಯಲ್ಲಿ ಒಂದು ದೊಡ್ಡ ಗೋಳಿಮರ. ಮರದ ತುದಿಯಲ್ಲಿ ಗಾಡಿಯ ಚಕ್ರದಷ್ಟು ಅಗಲದ ಕಡ್ಡಿಗೂಡು. ಅದರಲ್ಲಿ ವರ್ಷವರ್ಷವೂ ಅದೇ ಜೋಡಿ ಕಡಲಹದ್ದು. ಹೊಟ್ಟೆ ಅಚ್ಚ ಬಿಳುಪು, ಬೆನ್ನು ಬೂದಿ ಬಣ್ಣ. ಊರಿನ ಮೀನುಗಾರರು ಅವನ್ನು ಹದ್ದು ಎಂದು ಕರೆಯುತ್ತಿರಲಿಲ್ಲ, "ಮೇಲಿನೋರು" ಎನ್ನುತ್ತಿದ್ದರು.

ಅದು ಆಯಿಯ, ಅಂದರೆ ನನ್ನ ಅಮ್ಮನ, ತವರೂರು. ನಾನು ಹುಟ್ಟಿ ಬೆಳೆದದ್ದು ಪುಣೆಯಲ್ಲಿ. ಅಪ್ಪ ಧಾರವಾಡದ ಕಡೆಯವರು, ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ಪ್ರಾಯದಲ್ಲಿ ಎರಡು ವರ್ಷ ಕಾರವಾರದಲ್ಲಿದ್ದಾಗ ಆಯಿಯ ಸಂಬಂಧ ಕುದುರಿತ್ತು. ಈಗ ಶಿವಾಜಿನಗರ ಎನ್ನುವ ಜಾಗವನ್ನು ನಮ್ಮ ಮನೆಯಲ್ಲಿ ಆಗಿನ್ನೂ ಭಾಂಬುರ್ಡೆ ಎಂದೇ ಅನ್ನುತ್ತಿದ್ದರು. ಅಲ್ಲಿಂದ ನಾನು ಟಾಂಗಾದಲ್ಲಿ ಕ್ಯಾಂಪಿನ ಕಾನ್ವೆಂಟಿಗೆ ಹೋಗುತ್ತಿದ್ದೆ. ಮನೆಯಲ್ಲಿ ಅಪ್ಪನದೊಂದು ಕನ್ನಡ, ಆಯಿಯದೊಂದು ಕನ್ನಡ; ಟಾಂಗಾದವನ ಜೊತೆ ಮರಾಠಿ; ಕಾನ್ವೆಂಟಿನ ಗೇಟು ದಾಟಿದ ಮೇಲೆ ಇಂಗ್ಲಿಷ್ ಬಿಟ್ಟು ಒಂದಕ್ಷರ ಆಡಿದರೂ ಕೊರಳಿಗೆ ಮರದ ಬಿಲ್ಲೆ ತೂಗು ಹಾಕುತ್ತಿದ್ದರು. ನನ್ನ ಕೊರಳಿಗೆ ಅದು ಎಂದೂ ಬೀಳಲಿಲ್ಲ. ಆ ಹೆಮ್ಮೆ ನನಗೆ ಭಾರೀ ಇತ್ತು ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನಮಗೆ ಕಾಂಪೊಸಿಷನ್ ಕಲಿಸುತ್ತಿದ್ದ ಸಿಸ್ಟರ್ ಐರ್ಲೆಂಡಿನವರು. "ಬಿ ಪ್ರಿಸೈಸ್, ಗರ್ಲ್ಸ್," ಎನ್ನುವುದು ಅವರ ಮಂತ್ರ. ಒಂದು ಮರ ಎಂದು ಬರೆದರೆ ಕೆಂಪು ಪೆನ್ಸಿಲಿನಿಂದ ಕೇಳುವರು: ಯಾವ ಮರ? ಎಷ್ಟು ಎತ್ತರ? ಎಲ್ಲಿದೆ? ನನಗೆ ಹದಿನೈದು ತುಂಬಿದ ವರ್ಷ "ಎ ಪ್ಲೇಸ್ ಐ ಲವ್" ಎಂಬ ವಿಷಯ ಕೊಟ್ಟರು. ಬೇರೆ ಹುಡುಗಿಯರು ಮಹಾಬಳೇಶ್ವರ ಬರೆದರು, ತಮ್ಮ ಗುಲಾಬಿ ತೋಟ ಬರೆದರು. ನಾನು ಆ ಗುಡ್ಡ ಬರೆದೆ.

ಎಷ್ಟು ಪ್ರಿಸೈಸ್ ಆಗಿ ಬರೆದೆನೆಂದರೆ, ಹುಬ್ಬಳ್ಳಿಯವರೆಗೆ ಟ್ರೇನು, ಅಲ್ಲಿಂದ ಘಟ್ಟ ಇಳಿಯುವ ಮೋಟಾರು, ಹೊಳೆ ದಾಟುವ ದೋಣಿ, ದೋಣಿ ಇಳಿದ ಮೇಲೆ ಬಲಕ್ಕೆ ಎಷ್ಟು ಹೆಜ್ಜೆ, ಎಲ್ಲವೂ ಇತ್ತು. ಬೆಳಿಗ್ಗೆ ಹೊಳೆಯ ನೀರು ಹಸಿರಾಗಿಯೂ ಸಮುದ್ರದ ನೀರು ಕಂದಾಗಿಯೂ ಇದ್ದು ನಡುವೆ ಹಗ್ಗದಂಥ ನೊರೆಯ ಗೆರೆ ಕಾಣುವುದು. ಇಳಿತದ ಹೊತ್ತಿಗೆ ಕೆಸರಿನ ಮೇಲೆ ಕೊಕ್ಕರೆಗಳು ಕಾಲೂರಿ ನಿಲ್ಲುವುದು. ಗಂಡು ಹದ್ದು ಕಾಲಲ್ಲಿ ಕಡಲಹಾವು ಹಿಡಿದು ಗೂಡಿಗೆ ಮರಳುವಾಗ ಹಾವಿನ ಬಾಲ ಗಾಳಿಗೆ ತೊನೆಯುವುದು. ಊರಿನ ಪದ್ಧತಿಯನ್ನೂ ಬರೆದೆ. ದಸರೆಯಿಂದ ಹೋಳಿ ಹುಣ್ಣಿಮೆಯವರೆಗೆ, ಅಂದರೆ ಗೂಡಿನ ಮರಿ ಹಾರುವ ತನಕ, ಆ ಮರದ ಕೆಳಗಿನ ಸಾಲಿನ ತೆಂಗಿಗೆ ಯಾರೂ ಹತ್ತುತ್ತಿರಲಿಲ್ಲ. ಆ ಸಾಲು ನಮ್ಮ ಸೋದರಮಾವನದು. ಕಾಯಿ ತಾನಾಗಿ ಬಿದ್ದರೆ ಬಿತ್ತು; ಹೊತ್ತೊಯ್ದವರದು. ಆ ಮಗ್ಗುಲಲ್ಲಿ ಬಲೆ ಒಣಹಾಕುವಂತಿಲ್ಲ, ದೀಪಾವಳಿಗೆ ಪಟಾಕಿ ಇಲ್ಲ, ಗೂಡಿನ ಕಡೆ ಬೆರಳು ತೋರಿಸುವಂತೆಯೂ ಇಲ್ಲ. ಬಲೆಗೆ ಬೀಳುವ ಹಾವುಗಳನ್ನು ತಿಂದು ಮೀನುಗಾರರ ಕೈಕಾಲು ಉಳಿಸುವವರು ಮೇಲಿನೋರು, ಮೀನಿನ ಹಿಂಡು ಎಲ್ಲಿದೆ ಎಂದು ತೋರಿಸುವವರೂ ಅವರೇ. ಊರಿನ ದೊಡ್ಡ ಬಲೆಗೆ ಯಜಮಾನನಾದವನನ್ನು ತಾಂಡೇಲ ಎನ್ನುತ್ತಿದ್ದರು. ತಾಂಡೇಲನಾಗುವವನು ಅಂಗೈಯಲ್ಲಿ ಸಮುದ್ರದ ನೀರು ಹಿಡಿದು, ಮರಕ್ಕೆ ಯಾರನ್ನೂ ಹತ್ತಿಸೆನೆಂದು ಇಡೀ ಊರಿನ ಮುಂದೆ ಮಾತು ಕೊಡಬೇಕು.

ಸಿಸ್ಟರ್ ಇಪ್ಪತ್ತಕ್ಕೆ ಹತ್ತೊಂಬತ್ತು ಕೊಟ್ಟರು. ಅಷ್ಟಕ್ಕೆ ನಿಂತಿದ್ದರೆ ಚೆನ್ನಾಗಿತ್ತು. ಅವರು ಅದನ್ನು ಒಬ್ಬ ಮೇಡಂಗೆ ತೋರಿಸಿದರು.

ಮೇಡಂ ಮಿಲಿಟರಿ ಅಧಿಕಾರಿಯೊಬ್ಬರ ಹೆಂಡತಿ. ಕ್ಯಾಂಪಿನಲ್ಲಿ ಬಂಗಲೆ, ಶನಿವಾರಗಳಲ್ಲಿ ನಮ್ಮ ಕಾನ್ವೆಂಟಿನ ನೇಚರ್ ಕ್ಲಬ್ ನಡೆಸುತ್ತಿದ್ದರು. ಅವರನ್ನು ಕೆಟ್ಟವರೆಂದು ಬರೆಯಲು ನನ್ನಿಂದಾಗುವುದಿಲ್ಲ. ಟೋಪಿಗೆ ಗರಿ ಸಿಕ್ಕಿಸಿಕೊಂಡ ಹೆಂಗಸರೊಂದಿಗೆ ಜಗಳಕ್ಕೆ ನಿಲ್ಲುತ್ತಿದ್ದರು. ಮುಠಾ ನದಿಯ ದಡದಲ್ಲಿ ಬಾತು ಹೊಡೆಯುವ ಸೋಲ್ಜರುಗಳ ಮೇಲೆ ಪತ್ರಿಕೆಗೆ ಬರೆಯುತ್ತಿದ್ದರು. ನನ್ನನ್ನು ಟೀಗೆ ಕರೆದರು. ಜೀವನದಲ್ಲಿ ಮೊದಲ ಸಲ ನನ್ನನ್ನು ಒಬ್ಬರು ಟೀಗೆ ಕರೆದದ್ದು. ಸೌತೆಕಾಯಿ ಸ್ಯಾಂಡ್‌ವಿಚ್ ತಿಂದು ಮುಗಿದ ಮೇಲೆ ಅವರು ತೇಗದ ಬೀರುವಿನ ಖಾನೆಗಳನ್ನು ಒಂದೊಂದಾಗಿ ಎಳೆದು ತೋರಿಸಿದರು. ಹತ್ತಿಯ ಹಾಸಿಗೆಯ ಮೇಲೆ ಮೊಟ್ಟೆಗಳು. ನೀಲಿ, ಚುಕ್ಕೆ, ಮಣ್ಣುಬಣ್ಣ, ಗುಂಡಗಿನವು, ನೀಳವಾದವು. ಪ್ರತಿಯೊಂದರಲ್ಲೂ ಸೂಜಿ ಹೋಗುವಷ್ಟು ತೂತು; ಒಳಗಿನದೆಲ್ಲ ಊದಿ ತೆಗೆದದ್ದು. ಪ್ರತಿ ಖಾನೆಯಲ್ಲೂ ಚಂದದ ಕೈಬರಹದ ಚೀಟಿ.

"ನಿನ್ನ ಹದ್ದುಗಳ ಗೂಡು ಆ ದಂಡೆಯಲ್ಲಿದೆ ಎಂಬುದಕ್ಕೆ ಎಲ್ಲೂ ರೆಕಾರ್ಡ್ ಇಲ್ಲ, ಡಾರ್ಲಿಂಗ್," ಎಂದರು. "ರೆಕಾರ್ಡ್ ಇಲ್ಲದಿದ್ದರೆ ಸರ್ಕಾರದ ಮಟ್ಟಿಗೆ ಹದ್ದೇ ಇಲ್ಲ. ನಾಳೆ ಯಾರೋ ಆ ಮರ ಕಡಿದು ರೈಲ್ವೆಗೆ ಮಾರಿದರೆ ಕೇಳುವವರು ಯಾರು? ಒಂದು ಜೊತೆ ಮೊಟ್ಟೆ ಕೈಯಲ್ಲಿದ್ದರೆ ನಾನು ಆ ಇಡೀ ಗುಡ್ಡವನ್ನು ಪ್ರೊಟೆಕ್ಟ್ ಮಾಡಿಸುತ್ತೇನೆ."

"ಹದ್ದುಗಳಿಗೆ ಬೇಜಾರಾಗುವುದಿಲ್ಲವೇ ಮೇಡಂ?" ಎಂದು ಕೇಳಿದೆ. ಅಷ್ಟನ್ನಾದರೂ ಕೇಳಿದೆ.

"ಶಿ ವಿಲ್ ಲೇ ಅಗೇನ್. ದೇ ಆಲ್‌ವೇಸ್ ಡೂ."

ಕ್ರಿಸ್‌ಮಸ್ ರಜೆಗೆ ಅವರೇ ಬರುವುದೆಂದು, ಜೊತೆಗೆ ನಾನು ಮಾತು ತಿಳಿಸಲು ಹೋಗುವುದೆಂದು ನಿಶ್ಚಯವಾಯಿತು. ಅಪ್ಪ ಕಚೇರಿಯಲ್ಲೆಲ್ಲ ಹೇಳಿಕೊಂಡು ಬಂದರು. "ಮಡ್ಡಮ್ಮನ ಜೋಡಿ ಫಸ್ಟ್ ಕ್ಲಾಸಿನ್ಯಾಗ ಹೊಂಟಾಳ ನಮ್ಮ ಮಗಳು! ಕಾನ್ವೆಂಟಿಗೆ ಹಾಕಬ್ಯಾಡ ಅಂದವರನ್ನ ಈಗ ಕರೀರಿ ನೋಡೂಣು!"

ಆಯಿ ಅಕ್ಕಿ ಆರಿಸುತ್ತಿದ್ದಳು. ತಲೆಯೆತ್ತದೆ ಕೇಳಿದಳು. "ಆ ಮರದ ಸುದ್ದಿ ಹೊರಗೆ ಹೇಳೂಕಾಗೂದಿಲ್ಲ ಅಂತ ನಿಂಗೆ ಗೊತ್ತಿರ್ಲಿಲ್ವಾ?"

"ಬರೀ ಕಾಂಪೊಸಿಷನ್ ಆಯಿ. ಅವರು ನಮ್ಮ ಗುಡ್ಡ ಉಳಿಸಲಿಕ್ಕೆ ಬರೋದು."

"ಉಳ್ದೇ ಇತ್ತಲ್ಲೇ," ಎಂದಳು ಆಯಿ.

ಅಪ್ಪ ಬೈದರು. "ಏ, ಸುಮ್ನಿರ ನೀ. ಬಾಯಿ ಬಡ್ಕೊಳ್ಳೂದು ಒಂದ ಗೊತ್ತ ಇಕಿಗೆ." ನನಗೆ ಆಯಿಯ ಮೇಲೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ಮೇಡಂ ಎದುರು ಆಯಿ ಹೀಗೆಲ್ಲ ಮಾತಾಡದಿದ್ದರೆ ಸಾಕು ಎನ್ನಿಸಿತು. ಅವಳು ಆ ಸಲ ತವರಿಗೆ ಬರಲಿಲ್ಲ.

ನಾವು ಮೂವರು ಹೋದೆವು. ಮೇಡಂ, ನಾನು, ಮರ ಹತ್ತುವುದರಲ್ಲಿ ಪಳಗಿದ ಅವರ ಒಬ್ಬ ಆಳು. ಮಾವನ ಮನೆಯ ಮುಂದಿನ ಹೊರಕೋಣೆಯನ್ನು ಮೇಡಂಗೆ ಗುಡಿಸಿ ಸಾರಿಸಿ ಇಟ್ಟಿದ್ದರು. ಮಾವನಿಗೆ ಮೊಟ್ಟೆಯ ವಿಷಯ ಗೊತ್ತಿರಲಿಲ್ಲ. ಹಕ್ಕಿಯ ಚಿತ್ರ ಬರೆಯುವವರು ಬರುತ್ತಾರೆಂದು ನಾನೇ ಕಾರ್ಡು ಬರೆದಿದ್ದೆ. ಅಲ್ಲಿಂದಲೇ ಸುಳ್ಳು ಶುರುವಾಗಿತ್ತು ಎಂದು ಈಗ ಅನ್ನಿಸುತ್ತದೆ, ಆಗ ಅನ್ನಿಸಿರಲಿಲ್ಲ.

ಮರುದಿನ ಮಧ್ಯಾಹ್ನ ತಾಂಡೇಲ ಬಂದ. ಅರವತ್ತರ ಹತ್ತಿರದ ಗಟ್ಟಿ ಆಳು. ಮೊಣಕಾಲ ಮೇಲಿನ ಪಂಚೆ, ತಲೆಗೆ ಕೆಂಪು ವಸ್ತ್ರ. ನಾನು ನಡೆಯಲು ಕಲಿಯುತ್ತಿದ್ದಾಗಿನಿಂದ ಅವನನ್ನು ಅಜ್ಜಾ ಎಂದೇ ಕರೆದವಳು. ಮೇಡಂ ಬೆತ್ತದ ಕುರ್ಚಿಯಲ್ಲಿ ಕೂತಿದ್ದರು, ಅವನು ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತ. ನಾನು ಇಬ್ಬರ ನಡುವೆ ಮೆಟ್ಟಿಲ ಮೇಲೆ ನಿಂತಿದ್ದೆ.

"ಕೇಳು ಡಾರ್ಲಿಂಗ್, ಆಸ್ಕ್ ಹಿಮ್ ನೈಸ್‌ಲಿ. ನನ್ನ ಆಳು ಹತ್ತಿ ಎರಡು ಮೊಟ್ಟೆ ಇಳಿಸಿದರೆ ಅವನ ಒಪ್ಪಿಗೆ ಇದೆಯೇ? ಒಪ್ಪಿಗೆ ಇಲ್ಲದೆ ನಾನು ಮುಟ್ಟುವುದಿಲ್ಲ."

ಈ ಕೊನೆಯ ಮಾತನ್ನು ಅವರು ನಿಜವಾಗಿಯೂ ಹೇಳಿದರು. ಅದನ್ನು ನಾನು ಮರೆಯುವಂತಿಲ್ಲ.

"ಮೇಡಂ ಮರದ ಹತ್ತಿರ ಹೋಗಬಹುದಾ ಅಂತ ಕೇಳ್ತಾರೆ ಅಜ್ಜಾ," ಎಂದೆ.

ತಾಂಡೇಲ ನಕ್ಕ. "ನೋಡೂಕೆ ಬಂದೋರು ನೋಡ್ಲಿ. ಅಷ್ಟ್ ದೂರದಿಂದ ಬಂದಾರೆ. ಕೆಳಗೆ ಕೂತು ನೋಡ್ಲಿ, ಬೇಕಾದಷ್ಟು ಹೊತ್ತು ನೋಡ್ಲಿ. ಮರ ಹತ್ತೂದು ಮಾತ್ರ ಆಗೂದಿಲ್ಲ ತಂಗೀ. ಆ ಆಳಿನ ಹತ್ರ ಹಗ್ಗ ಕಂಡೆ ನಾನು. ಅದೆಂತಕ್ಕೆ ಹಗ್ಗ? ಹತ್ತೂಕಾಗ ಅಂತ ಸಮಾ ಹೇಳು. ನಾ ನೀರು ಹಿಡ್ದು ಮಾತು ಕೊಟ್ಟವ."

ಸಮಾ ಹೇಳು, ಅಂದರೆ ಸರಿಯಾಗಿ, ಇದ್ದ ಹಾಗೆ ಹೇಳು. ಮೇಡಂ ನನ್ನ ಮುಖ ನೋಡುತ್ತಿದ್ದರು. ನೀರು ಹಿಡಿದು ಮಾತು ಕೊಡುವುದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳಲಿ? "ಹೌ ಕ್ವೇಂಟ್," ಎಂದು ನಗುತ್ತಾರೆ. ಇಷ್ಟು ದೂರ ಕರೆತಂದು ಕೊನೆಗೆ ಒಬ್ಬ ಮೀನುಗಾರನನ್ನು ಒಪ್ಪಿಸಲಾಗದ ಹುಡುಗಿ ಎನ್ನಿಸಿಕೊಳ್ಳುತ್ತೇನೆ. ಶನಿವಾರಗಳ ಟೀ ನಿಲ್ಲುತ್ತದೆ. ಇಷ್ಟನ್ನು ಯೋಚಿಸಲು ಎಷ್ಟು ಹೊತ್ತು ಬೇಕು, ಅಷ್ಟು ಹೊತ್ತೂ ಆಗಲಿಲ್ಲ.

"ಹಿ ಸೇಸ್ ಯೂ ಮೇ, ಮೇಡಂ," ಎಂದೆ. "ಬೆಳಿಗ್ಗೆ ಎಂಟರ ಮೇಲೆ ಹೋಗಬೇಕಂತೆ, ಗದ್ದಲ ಮಾಡಬಾರದಂತೆ." ಎಂಟರ ಹೊತ್ತಿಗೆ ದೋಣಿಗಳೆಲ್ಲ ಕಡಲಿನಲ್ಲಿರುತ್ತವೆ ಎಂದು ನನಗೆ ಗೊತ್ತಿತ್ತು. ಅದನ್ನು ನನಗೆ ಯಾರೂ ಹೇಳಿಕೊಡಲಿಲ್ಲ, ಬಾಯಿಂದ ತಾನಾಗಿ ಬಂತು. ಆ ಕಡೆ ತಿರುಗಿ, "ಕೆಳಗೇ ಕೂತು ಚಿತ್ರ ಬರೀತಾರಂತೆ ಅಜ್ಜಾ. ಹಗ್ಗ ಅವರ ಡೇರೆ ಕಟ್ಟಲಿಕ್ಕೆ," ಎಂದೆ.

ಮೇಡಂ ಎದ್ದು ಅವನ ಕೈ ಕುಲುಕಿದರು. ತಾಂಡೇಲ ತನ್ನ ಅಂಗೈಯನ್ನು ಪಂಚೆಗೆ ಒರೆಸಿಕೊಂಡು ಕೈ ಕೊಟ್ಟ. ಅವರು ಅವನಿಗೆ ಒಂದು ಡಬ್ಬಿ ಬಿಸ್ಕತ್ತು ಕೊಟ್ಟರು, ಮುಚ್ಚಳದ ಮೇಲೆ ಕುದುರೆಗಾಡಿಯ ಚಿತ್ರವಿದ್ದದ್ದು. ಅವನು ಅಂಗಳ ದಾಟುವಷ್ಟರಲ್ಲಿ ಮಕ್ಕಳು ಮುತ್ತಿಕೊಂಡು ಬಿಸ್ಕತ್ತು ಮುಗಿದಿತ್ತು. ಖಾಲಿ ಡಬ್ಬಿಯನ್ನು ಗಾಳ ಹಾಕಿಡಲಿಕ್ಕಾಯಿತೆಂದು ಕಂಕುಳಲ್ಲಿ ಇಟ್ಟುಕೊಂಡು ಹೋದ.

ಮರುದಿನ ಆಳು ಮರ ಹತ್ತಿದ. ನಾನು ಕೆಳಗೆ ಮೇಡಂ ಪಕ್ಕದಲ್ಲಿ ನಿಂತಿದ್ದೆ. ಎರಡು ಹಕ್ಕಿಯೂ ಮೇಲೆದ್ದು ಸುತ್ತತೊಡಗಿದವು. ಅವುಗಳ ಕೂಗು ಕಂಚಿನ ತಟ್ಟೆಯನ್ನು ಬಡಿದ ಹಾಗೆ ಇರುತ್ತದೆ. ಹೊಳೆಯ ಆಚೆ ದಡದವರೆಗೂ ಕೇಳುತ್ತದೆ. ಹೊಳೆಬಾಯಿಯಲ್ಲಿ ಚಿಪ್ಪಿ ಆರಿಸುತ್ತಿದ್ದ ಹೆಂಗಸರು ಸೊಂಟ ನೆಟ್ಟಗೆ ಮಾಡಿ ಈ ಕಡೆ ನೋಡಿದರು. ಆಳು ತಲೆಯ ರುಮಾಲಿನಲ್ಲಿ ಕಟ್ಟಿ ಮೊಟ್ಟೆ ಇಳಿಸಿದ. ಬೆಳ್ಳಗಿನ, ಏನೂ ವಿಶೇಷವಿಲ್ಲದ ಎರಡು ಮೊಟ್ಟೆ. ನನ್ನ ಕೈಗೆ ಕೊಟ್ಟಾಗ ಬೆಚ್ಚಗಿದ್ದವು.

ಮಾವ ತೋಟದ ಕೆಲಸಕ್ಕೆ ಹೋಗಿದ್ದ. ಹೊರಕೋಣೆಯ ಮೇಜಿನ ಮೇಲೆ ಮೇಡಂ ಸಣ್ಣ ಬೈರಿಗೆಯಿಂದ ತೂತು ಕೊರೆದು, ಬಾಗಿದ ಕೊಳವೆಯಿಂದ ಊದಿದರು. ಬಟ್ಟಲು ಹಿಡಿದವಳು ನಾನು. ಮೊದಲನೆಯದು ಸಲೀಸಾಗಿ ಬಂತು. ಎರಡನೆಯದರಲ್ಲಿ ಮರಿ ಕೂಡಿತ್ತು. "ಓ, ವಾಟ್ ಎ ಪಿಟಿ," ಎಂದು ಮೇಡಂ ಕತ್ತರಿ ತೆಗೆದುಕೊಂಡರು. ಅದನ್ನು ಚೂರುಚೂರಾಗಿ ಹೊರಗೆ ತೆಗೆಯುವಾಗ ಅವರ ಕಣ್ಣಲ್ಲಿ ನೀರಿತ್ತು. ಕೈ ಮಾತ್ರ ಅಲುಗಲಿಲ್ಲ. ನಾನು ಬಟ್ಟಲನ್ನು ಹಿತ್ತಿಲಿನ ಬಾಳೆಯ ಬುಡಕ್ಕೆ ಚೆಲ್ಲಿ ಬಂದೆ.

ದೋಣಿಯವರು ಕಡಲಿನಿಂದಲೇ ಹಕ್ಕಿಗಳ ಸುತ್ತಾಟ ಕಂಡಿದ್ದರು. ತಾಂಡೇಲ ಬಲೆಯನ್ನು ಅರ್ಧಕ್ಕೆ ಬಿಟ್ಟು ದೋಣಿ ತಿರುಗಿಸಿ ಬಂದ. ಒದ್ದೆ ಬಟ್ಟೆಯಲ್ಲೇ ಅಂಗಳಕ್ಕೆ ಬಂದು ನಿಂತ. ಮೇಡಂ ಒಳಗೆ ಪೆಟ್ಟಿಗೆ ಕಟ್ಟುತ್ತಿದ್ದರು. ನಾನೊಬ್ಬಳೇ ಮೆಟ್ಟಿಲ ಮೇಲಿದ್ದೆ.

"ತಂಗೀ, ನೋಡ್ತಾರೆ ಅಂದಿದ್ದೆ ಅಲ್ದಾ ನೀನು?"

"ನಂಗೂ ಗೊತ್ತಿರ್ಲಿಲ್ಲ ಅಜ್ಜಾ," ಎಂದೆ. ಆಮೇಲೆ ಅತ್ತುಬಿಟ್ಟೆ. ಆ ಅಳು ನಿಜವೇ ಆಗಿತ್ತು.

ಅವನು ನನ್ನ ತಲೆಯ ಮೇಲೆ ಕೈಯಿಟ್ಟ. ಉಪ್ಪು, ಮೀನು, ಹುರಿಯ ವಾಸನೆ. "ಅಳ್ಬೇಡ. ನಿಂದೆಂತಾ ತಪ್ಪು ಇದ್ರಲ್ಲಿ? ದೊಡ್ಡೋರು ಒಂದು ಹೇಳಿ ಇನ್ನೊಂದು ಮಾಡಿದ್ರೆ ಸಣ್ಣ ಮಕ್ಳು ಎಂತ ಮಾಡೂಕಾಗ್ತದೆ?" ಎಂದ.

ಮೇಡಂ ಹೊರಗೆ ಬಂದು ಅವನಿಗೆ ನಗುತ್ತ ಕೈ ಮುಗಿದರು. ಅವನು ಅವರತ್ತ ನೋಡದೆ ಹೋದ. "ಹೀ ಸೀಮ್ಸ್ ಅಪ್‌ಸೆಟ್," ಎಂದರು ಮೇಡಂ. ಬಲೆ ಹರಿಯಿತಂತೆ ಎಂದು ಹೇಳಿದೆ.

ಹದ್ದುಗಳು ನಾಲ್ಕೈದು ದಿನ ಖಾಲಿ ಗೂಡಿನ ಮೇಲೆ ಸುತ್ತಿದವಂತೆ. ಆಮೇಲೆ ಕಾಣಲಿಲ್ಲ. ಮರುವರ್ಷ ದಸರೆಗೆ ಊರಿನವರು ಕಾದರು, ಬರಲಿಲ್ಲ. ಅದರ ಮರುವರ್ಷವೂ ಬರಲಿಲ್ಲ. ಮೂರನೆಯ ವರ್ಷ ಮಾವ ಆ ಸಾಲಿನ ತೆಂಗಿಗೆ ಆಳು ಹತ್ತಿಸಿದ. ಆಯಿಗೆ ಬಂದ ಕಾರ್ಡಿನಲ್ಲಿ ಅದೊಂದು ಸಾಲು ಇತ್ತು. ಆಯಿ ಓದಿ, ಕಾರ್ಡನ್ನು ನನ್ನ ಪುಸ್ತಕದ ಮೇಲೆ ಇಟ್ಟು ಒಳಗೆ ಹೋದಳು.

ಪುಣೆಯ ಬಂಗಲೆಯ ಬೀರುವಿನಲ್ಲಿ ಆ ಎರಡು ಮೊಟ್ಟೆಗಳಿಗೆ ತಮ್ಮದೇ ಖಾನೆ ಸಿಕ್ಕಿತು. ಚೀಟಿಯನ್ನು ಮೇಡಂ ನನಗೆ ಓದಲು ಕೊಟ್ಟರು. ಊರಿನ ಹೆಸರು, ತಾರೀಖು, ಮರದ ಎತ್ತರ. ಕೊನೆಯ ಸಾಲು: ಊರಿನ ಹಿರಿಯ ಮೀನುಗಾರನ ಪೂರ್ಣ ಒಪ್ಪಿಗೆಯಿಂದ. "ಈಸ್ ಇಟ್ ಆಲ್ ಕರೆಕ್ಟ್?" ಎಂದು ಕೇಳಿದರು. ಊರಿನ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿತ್ತು. ಅದನ್ನು ತಿದ್ದಿಕೊಟ್ಟೆ.

ಅವರು ಕೊಟ್ಟ ಮಾತಿಗೆ ತಪ್ಪಲಿಲ್ಲ. ಆ ಚೀಟಿಯ ನಕಲು ಲಗತ್ತಿಸಿ ಸರ್ಕಾರಕ್ಕೆ ಬರೆದರು, ಅಲೆದರು, ದೊಡ್ಡವರನ್ನು ಕಂಡರು. ಯುದ್ಧಕ್ಕೆ ಸ್ವಲ್ಪ ಮುಂಚೆ ಗುಡ್ಡದ ಸುತ್ತ ಮುಳ್ಳುತಂತಿ ಬಂತು, ಬೋರ್ಡು ಬಂತು, ಕಾವಲಿನವನು ಬಂದ. ಬೇಟೆ, ಮರ ಕಡಿಯುವುದು, ಪ್ರವೇಶ, ಎಲ್ಲಕ್ಕೂ ನಿಷೇಧ. ಅಷ್ಟು ಹೊತ್ತಿಗೆ ಒಳಗೆ ಹದ್ದು ಇರಲಿಲ್ಲ. ಗದ್ದೆಗೆ ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸಿ ತರುತ್ತಿದ್ದ ಹೆಂಗಸರು ಬೇಲಿಯ ಹೊರಗೆ ನಿಂತರು.

ನಾನು ಬಿ.ಎ. ಮುಗಿಸಿ ಅದೇ ಕಾನ್ವೆಂಟಿನಲ್ಲಿ ಟೀಚರ್ ಆದೆ. ಕಾಂಪೊಸಿಷನ್ ಕಲಿಸುತ್ತಿದ್ದೆ. ಸ್ವಾತಂತ್ರ್ಯ ಬಂದ ವರ್ಷ, ಮಳೆಗಾಲಕ್ಕೆ ಮುಂಚೆಯೇ ಮೇಡಂ ಬೀರು ಸಮೇತ ಇಂಗ್ಲೆಂಡಿಗೆ ಹೊರಟುಹೋದರು. ಸ್ಟೇಷನ್ನಿನಲ್ಲಿ ನನ್ನ ಕೆನ್ನೆಗೆ ಮುತ್ತಿಟ್ಟು, "ಅವರ್ ಹಿಲ್ ಈಸ್ ಸೇಫ್," ಎಂದರು. ಅಜ್ಜ ಒಪ್ಪಿಗೆ ಕೊಟ್ಟಿರಲಿಲ್ಲವೆಂದು ಅವರಿಗೂ ನಾನು ಹೇಳಲಿಲ್ಲ.

ಮಳೆ ಕಳೆದು ಒಂದು ಭಾನುವಾರ ಮಧ್ಯಾಹ್ನ ಬಾಗಿಲಲ್ಲಿ ತಾಂಡೇಲನ ಮಗಳು ನಿಂತಿದ್ದಳು. ನನಗಿಂತ ಹತ್ತು ವರ್ಷ ದೊಡ್ಡವಳು, ಕೆಸರಿನಲ್ಲಿ ಕಾಲಿನಿಂದ ಚಿಪ್ಪಿ ಹುಡುಕುವುದನ್ನು ನನಗೆ ಕಲಿಸಿದವಳು. ಅವಳ ಮೈದುನ ಸ್ವಾರಗೇಟಿನ ಹತ್ತಿರ ಕರಾವಳಿಯವರ ಮೀನೂಟದ ಖಾನಾವಳಿಯೊಂದರಲ್ಲಿ ಕೆಲಸಕ್ಕಿದ್ದ. ಅವನ ಜೊತೆ ಬಂದು ಮಾವ ಕೊಟ್ಟ ವಿಳಾಸ ಹಿಡಿದು ಮನೆ ಹುಡುಕಿದ್ದಳು. ಆಯಿ ಎಷ್ಟು ಕರೆದರೂ ಒಳಗೆ ಬರಲಿಲ್ಲ, ಜಗುಲಿಯ ಮೇಲೆ ಕೂತಳು.

"ಎಂಥಾ ಊರು ತಂಗೀ ಇದು! ದಾರಿ ಕೇಳಿದ್ರೆ ಎಲ್ಲಾ ಮರಾಠಿಯಲ್ಲೇ ಬೈತಾರೆ."

"ಬೈಯೋದಲ್ಲ ಅಕ್ಕಾ, ಅವರು ಮಾತಾಡೋದೇ ಹಾಗೆ."

ನಕ್ಕಳು. ಆಮೇಲೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಂದ ಕೆಲಸ ಹೇಳಿದಳು.

"ಸ್ವರಾಜ್ಯ ಬಂತಲ್ಲ, ಇನ್ನು ಬೇಲಿ ತೆಗೀತಾರೆ ಅಂತ ನಾವು ಹೆಂಗಸ್ರೆಲ್ಲ ಸೇರಿ ಜಂಗಲ್ ಖಾತೆ ಸಾಯಬ್ರ ಹತ್ರ ಹೋದ್ವಿ. ಈಗ ಬಂದೋರು ನಮ್ಮೋರೇ, ಕನ್ನಡ ಮಾತಾಡ್ತಾರೆ. ಅವ್ರು ಕಾಗದದ ಕಟ್ಟು ಬಿಚ್ಚಿ ಓದಿದ್ರು. ಮೊಟ್ಟೆ ತೆಗೀರಿ ಅಂತ ನಿಮ್ಮ ತಾಂಡೇಲನೇ ಒಪ್ಪಿಗೆ ಕೊಟ್ಟಾನೆ, ನಿಮ್ಮ ಕೈಯಲ್ಲಿ ಬಿಟ್ರೆ ಗುಡ್ಡ ಉಳೀತದಾ ಅಂದ್ರು. ಇಡೀ ಊರಿನ ಎದ್ರಿಗೆ."

"ಅಜ್ಜ ಏನಂದ?"

"ಕೊಡ್ಲಿಲ್ಲ ಅಂದ. ಯಾರು ಕೇಳ್ತಾರೆ? ಬರ್ದದ್ದು ಸುಳ್ಳಾಗ್ತದಾ ಅಂದ್ರು. ನೀರು ಹಿಡ್ದ ಕೈಯಲ್ಲಿ ಬಿಸ್ಕೂಟು ಹಿಡ್ದ ಅಂದ್ರು. ಈಗ ಸಣ್ಣ ಮಕ್ಳೂ ಬಿಸ್ಕೂಟಿನ ತಾಂಡೇಲ ಅಂತ ಕೂಗ್ತಾವೆ. ಬಲೆ ಬೇರೆಯವಂಗೆ ಕೊಟ್ರು. ಅಪ್ಪ ದಂಡೆಗೆ ಹೋಗೂದೇ ಬಿಟ್ಟ ತಂಗೀ. ಗೋಡೆ ಬದಿಗೆ ಮುಖ ಮಾಡಿ ಕೂರ್ತಾನೆ."

ಜಗುಲಿಯ ಮುಂದೆ ಒಂದು ಟಾಂಗಾ ಹಾದುಹೋಯಿತು. ಅವಳು ಅದು ಹೋಗುವ ತನಕ ಕಾದು ಮುಂದುವರಿಸಿದಳು.

"ಆ ಬಿಳೀ ಹೆಂಗಸು ಸುಳ್ಳು ಬರ್ದು ಹೋದ್ಳು. ನೀ ಅಲ್ಲೇ ಇದ್ದವ್ಳಲ್ದಾ? ನಿಂಗೆ ಇಂಗ್ಲಿಷು ಬರ್ತದೆ. ತಾಂಡೇಲ ಆಗೂದಿಲ್ಲ ಅಂದ, ನಾ ಹಾಂಗೇ ಅವ್ಳಿಗೆ ಹೇಳಿದ್ದೆ, ಅವ್ಳು ಕೇಳ್ಲಿಲ್ಲ ಅಂತ. ಇಷ್ಟು ಬರ್ದು ರುಜು ಹಾಕಿ ಕೊಡು. ಸಾಯಬ್ರು ನಿನ್ನ ಮಾತು ನಂಬ್ತಾರೆ."

ಎಷ್ಟು ಸುಲಭವಿತ್ತು. ಮೇಡಂ ಸಮುದ್ರದಾಚೆ. ಆ ಅಂಗಳದಲ್ಲಿ ಏನು ಮಾತಾಯಿತು ಎಂದು ತಿಳಿದವರು ಬೇರೆ ಯಾರೂ ಇಲ್ಲ. ಅಜ್ಜನ ಹೆಸರು ತೊಳೆಯುತ್ತದೆ, ನನ್ನದೂ ಕೆಡುವುದಿಲ್ಲ. ಒಳಗಿಂದ ಪ್ಯಾಡು, ಪೆನ್ನು ತಂದೆ. ಮೇಡಂ ಮೇಲೆ ಹೊರಿಸಲು ಕೈ ಬರಲಿಲ್ಲ, ನನ್ನ ಮೇಲೆ ಹಾಕಿಕೊಳ್ಳಲೂ ಬರಲಿಲ್ಲ. ಕಾನ್ವೆಂಟು ನನಗೆ ಮೂರನೆಯ ದಾರಿಯೊಂದನ್ನು ಕಲಿಸಿತ್ತು. ಮಾತು ತಿಳಿಸುವ ಸಂದರ್ಭದಲ್ಲಿ ದುರದೃಷ್ಟವಶಾತ್ ತಪ್ಪು ತಿಳುವಳಿಕೆಯೊಂದು ಉಂಟಾಗಿರಬಹುದು ಎಂದು ಬಹಳ ಸೊಗಸಾದ ಇಂಗ್ಲಿಷಿನಲ್ಲಿ ಬರೆದೆ. ಆ ವಾಕ್ಯದಲ್ಲಿ ಮನುಷ್ಯರೇ ಇರಲಿಲ್ಲ.

"ಓದಿ ಹೇಳು," ಎಂದಳು.

ಕನ್ನಡದಲ್ಲಿ ಹೇಳಿದೆ. ಅವಳು ಹುಬ್ಬು ಗಂಟಿಕ್ಕಿ ಕೇಳಿದಳು.

"ತಪ್ಪು ತಿಳ್ಕೊಂಡದ್ದು ಯಾರು?"

"ಅಂದರೆ... ಆಗಿಹೋಯಿತು ಅಂತ."

"ತನ್ನಷ್ಟಕ್ಕೆ ಹೇಂಗಾಗ್ತದೆ? ಅಪ್ಪ ತಪ್ಪು ತಿಳ್ದ್ನಾ? ಅವ್ಳಾ? ಸಾಯಬ್ರು ಕೇಳ್ತಾರಲ್ಲ, ಯಾರು ಅಂತ. ನಮ್ಮೂರೋರೂ ಕೇಳ್ತಾರೆ."

ಆಯಿ ಚಹಾದ ಲೋಟ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ನಾನು ಅವಳ ಮುಖ ನೋಡಿದೆ. ಅವಳಿಗೆ ಮೊದಲಿನಿಂದಲೂ ಅನುಮಾನವಿತ್ತು ಎಂದು ಆಗ ತಿಳಿಯಿತು.

"ನಾನು," ಎಂದೆ. "ಅಜ್ಜ ಆಗೂದಿಲ್ಲ ಅಂದ. ನಾನು ಮೇಡಂಗೆ ಆಗಬಹುದು ಅಂತ ಹೇಳಿದೆ. ಅಜ್ಜನಿಗೆ ಬರೀ ಚಿತ್ರ ಬರೀತಾರೆ ಅಂದೆ. ಹಗ್ಗದ ವಿಷಯವೂ ಸುಳ್ಳು. ಆಮೇಲೆ ನನಗೆ ಗೊತ್ತೇ ಇರಲಿಲ್ಲ ಅಂದೆ. ಮೇಡಂ ಏನೂ ಸುಳ್ಳು ಬರೀಲಿಲ್ಲ ಅಕ್ಕಾ. ನಾನು ಹೇಳಿದ್ದನ್ನೇ ಬರೆದರು."

ಅವಳು ಬೈಯಬಹುದು ಎಂದು ಕಾದೆ. ಬೈಯಲಿಲ್ಲ. ಸುತ್ತಿಕೊಂಡಿದ್ದ ಸೆರಗನ್ನು ಬೆರಳಿನಿಂದ ಬಿಡಿಸಿದಳು.

"ಅದ್ನೇ ಬರೀರಿ," ಎಂದಳು. "ಇಂಗ್ಲಿಷಿನದು ಸಾಯಬ್ರಿಗೆ. ಊರೋರ ಎದ್ರಿಗೆ ಓದೂಕೆ ಕನ್ನಡದಲ್ಲೂ ಒಂದು ಬರ್ಕೊಡಿ, ಅಮ್ಮೋರೇ."

ಅದೇ ಜಗುಲಿಯ ಮೇಲೆ ಅರ್ಧ ಗಂಟೆಯ ಹಿಂದೆ ನಾನು ತಂಗಿಯಾಗಿದ್ದೆ.

ಇಂಗ್ಲಿಷಿನ ಹಾಳೆ ಹರಿದು ಹೊಸದು ಬರೆದೆ. ಕನ್ನಡದ್ದು ಬರೆಯಲು ಹೆಚ್ಚು ಹೊತ್ತು ಹಿಡಿಯಿತು. ನನಗೆ ಬರುವ ಕನ್ನಡ ಆಯಿ ಮನೆಯಲ್ಲಿ ಕಲಿಸಿದಷ್ಟೇ. ಅದರಲ್ಲಿ ದುರದೃಷ್ಟವಶಾತ್ ಇರಲಿಲ್ಲ, ಉಂಟಾಗಿರಬಹುದು ಇರಲಿಲ್ಲ. ನಾನು ಸುಳ್ಳು ಹೇಳಿದೆ ಎಂದು ಬರೆದೆ. ತಾಂಡೇಲ ಅಜ್ಜ ಒಪ್ಪಿಗೆ ಕೊಡಲಿಲ್ಲ ಎಂದು ಬರೆದು ರುಜು ಹಾಕಿದೆ. ಅವಳು ಎರಡು ಹಾಳೆಯನ್ನೂ ಮಡಚಿ ರವಿಕೆಯೊಳಗೆ ಇಟ್ಟುಕೊಂಡು ಎದ್ದಳು. ಆಯಿ ಕೊಟ್ಟ ಚಹಾ ಜಗುಲಿಯ ಮೇಲೆ ಹಾಗೇ ಇತ್ತು.

ತಿಂಗಳೊಪ್ಪತ್ತಿನಲ್ಲಿ ಮಾವನ ಕಾರ್ಡು ಬಂತು. ದಂಡೆಯ ಮೇಲೆ, ದೋಣಿ ಎಳೆದಿಡುವ ಕಡೆ, ಶಾಲೆಯ ಮಾಸ್ತರರು ನನ್ನ ಪತ್ರ ಓದಿದರಂತೆ. ಗಾಳಿಗೆ ಕೇಳಿಸಲಿಲ್ಲ ಎಂದು ಹಿಂದಿನವರು ಗಲಾಟೆ ಮಾಡಿದ್ದರಿಂದ ಎರಡು ಸಲ ಓದಬೇಕಾಯಿತಂತೆ. ಬಲೆಯ ಆಳುಗಳು ಮರುದಿನ ತಾಂಡೇಲನ ಮನೆಯ ಮುಂದೆ ಹೋಗಿ ನಿಂತರು. ಅವನು ಆ ದಿನ ಎದ್ದು ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ಮೂರನೆಯ ದಿನ ದಂಡೆಗೆ ಬಂದು ಹಳೆಯ ಜಾಗದಲ್ಲಿ ಕೂತ. ಬೇಲಿ ಮಾತ್ರ ಹಾಗೇ ಇದೆ ಎಂದು ಮಾವ ಬರೆದಿದ್ದ. ಕಾರ್ಡಿನ ಅಂಚಿನಲ್ಲಿ, ಜಾಗ ಸಾಲದೆ ಅಡ್ಡಡ್ಡ ಬರೆದ ಒಂದು ಸಾಲು: ಪತ್ರ ಓದಿದ ಮೇಲೆ ತಾಂಡೇಲ ಒಂದೇ ಮಾತು ಕೇಳಿದ, ಆ ತಂಗಿ ಬರಲಿಲ್ವಾ ಎಂದು. ಕ್ರಿಸ್‌ಮಸ್ ರಜೆಗೆ ಬಂದು ಹೋಗು.

ಆ ಕ್ರಿಸ್‌ಮಸ್‌ಗೆ ಪರೀಕ್ಷೆಯ ಪೇಪರು ತಿದ್ದುವುದಿದೆ ಎಂದೆ. ಬೇಸಿಗೆಯಲ್ಲಿ ಆಯಿ ಒಬ್ಬಳೇ ಹೋಗಿಬಂದಳು. ಅಜ್ಜ ಮತ್ತೆ ಕೇಳಿದ ಎಂದಳು. ಮರುವರ್ಷ ನನಗೆ ಜ್ವರವಿತ್ತು, ಅಷ್ಟೇನೂ ಜೋರಾಗಿರಲಿಲ್ಲ. ಆ ಸಲವೂ ಕೇಳಿದನಂತೆ. ಮೂರನೆಯ ವರ್ಷ ಕೇಳಲು ಅವನು ಇರಲಿಲ್ಲ.